ಕೆಲೆರಾ ನೆಟ್ಟ ಕಡಲದ್ರಾಕ್ಷಿ

ಕೆಲೆರಾ ಸಂಶೋಧನೆಗೆ ಕೈ ಹಾಕಿದ್ದು ನಿಜವಾಗಿಯೂ ಕೈ ಹಾಕಿಯೇ: ಮೊಣಕೈವರೆಗೆ, ಸೋಪಿನ ನೀರಿನೊಳಗೆ. ದ್ವೀಪನಾಡಿನ ರಾಜಧಾನಿ ಸುವಾದಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದಾಗ ಒಂದು ದಿನ ಅವಳು ಕಡಲ ವಿಜ್ಞಾನದ ಡಾ. ಪ್ರಮೀಳಾ ಗೌಂಡರ್ ಅವರ ಕೋಣೆಯ ಬಾಗಿಲಲ್ಲಿ ನಿಂತಳು. ಅದಕ್ಕೂ ಮುಂಚೆ ಆ ಬಾಗಿಲ ಮುಂದೆ ಎಷ್ಟು ಸಲ ಹಾದುಹೋಗಿದ್ದಳೆಂದರೆ, ಕಸ ಗುಡಿಸುವವನು ಅವಳನ್ನು ಯಾರೋ ಹೊಸ ಮೇಲ್ವಿಚಾರಕಿ ಎಂದುಕೊಂಡು ಚುರುಕಾಗಿದ್ದ.

"ಮೇಡಂ, ನಿಮ್ಮ ಲ್ಯಾಬಲ್ಲಿ ನನಗೇನಾದ್ರೂ ಕೆಲಸ ಇದೆಯಾ?"

ಮೇಡಂ ತಲೆ ಎತ್ತಲಿಲ್ಲ. "ಬಾಟಲಿ ತೊಳೆಯಕ್ಕೆ ಬರತ್ತಾ?"

"ಬರತ್ತೆ ಮೇಡಂ."

"ತೊಳೆದ ಮೇಲೂ ಕೊಳೆ ಉಳಿದಿದ್ರೆ ಏನ್ಮಾಡ್ತೀಯ?"

"ಇನ್ನೊಂದ್ಸಲ ತೊಳೀತೀನಿ."

"ತಪ್ಪು. ಮೊದಲು ಕೊಳೆ ಉಳಿದಿದೆ ಅಂತ ನನಗೆ ಹೇಳ್ತೀಯ. ಆಮೇಲೆ ತೊಳೀತೀಯ. ನಾಳೆಯಿಂದ ಬಾ."

ಹೀಗೆ ಸಂಶೋಧನೆಯಲ್ಲಿ ಶೋಧನೆ ಬೇರೆಯವರಿಗೂ ಶುದ್ಧಿ ಕೆಲೆರಾಗೂ ಬಂತು. ಮಧ್ಯಾಹ್ನವೆಲ್ಲ ಅವಳು ಬಾಟಲಿ ತೊಳೆದಳು, ಕೊಳೆ ಕಂಡಾಗಲೆಲ್ಲ ಹೋಗಿ ಹೇಳಿದಳು, ಮೇಡಂ "ಹೂಂ" ಎಂದರು, ಅವಳು ಬಂದು ಮತ್ತೆ ತೊಳೆದಳು. ಅವಳಪ್ಪ ಎಪೆಲಿ ಊರಿನ ಬಸ್ ಓಡಿಸುತ್ತಿದ್ದ. ಬಾಯಿ ಹಾರನ್ನಿಗಿಂತ ಜೋರು. "ಯೂನಿವರ್ಸಿಟಿಗೆ ಹೋಗಿ ಪಾತ್ರೆ ತೊಳೆಯೋದಾದ್ರೆ ನಮ್ಮನೇಲೂ ಒಂದು ಸಿಂಕಿದೆಯಲ್ಲಮ್ಮ ಪುಟ್ಟಿ. ಅದರ ಬಗ್ಗೆನೂ ಒಂದಿಷ್ಟು ಸಂಶೋಧನೆ ನಡೀಲಿ," ಎನ್ನುತ್ತಿದ್ದ.

ಅವಳಮ್ಮ ಶನಿವಾರ ಮಾರುಕಟ್ಟೆಯಲ್ಲಿ ನಾಮ ಮಾರುತ್ತಿದ್ದಳು. ಈ ಹೆಸರು ಕೇಳಿ ಕನ್ನಡಿಗರು ಹಣೆ ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲ. ಸದ್ಯಕ್ಕೆ ಇದು ತಿನ್ನುವ ನಾಮ. ದಂಡೆಯ ಆಳವಿಲ್ಲದ ನೀರಿನಲ್ಲಿ ಬೆಳೆಯುವ ಪಾಚಿ. ಹಸಿರು ಮಣಿಗಳ ಗೊಂಚಲು, ದ್ರಾಕ್ಷಿಯ ಮರಿ ಎನ್ನಬಹುದು. ಹಲ್ಲಿಗೆ ಸಿಕ್ಕರೆ ಪಟಕ್ಕೆಂದು ಒಡೆದು ಬಾಯಿ ತುಂಬ ಸಮುದ್ರ. ಅಮ್ಮನ ಬುಟ್ಟಿಯಲ್ಲಿ ಕೆಲವು ವಾರ ಮಣಿಗಳು ಉಬ್ಬಿ ಕೊಬ್ಬಿರುತ್ತಿದ್ದವು, ಕೆಲವು ವಾರ ಜ್ವರ ಬಿಟ್ಟೆದ್ದವರ ಹಾಗೆ ಸೊರಗಿರುತ್ತಿದ್ದವು. ನೀರು ಹರಿಯುವ ಕಡೆ ಬೆಳೆದದ್ದು ಕೊಬ್ಬುತ್ತದೋ, ನಿಂತ ನೀರಿನದೋ? ಒಂದು ಮಧ್ಯಾಹ್ನ ಕೈಯಲ್ಲಿ ಬಾಟಲಿ ಹಿಡಿದುಕೊಂಡೇ ಕೆಲೆರಾ ಮೇಡಂಗೆ ಇದನ್ನು ಕೇಳಿದಳು.

ಮೇಡಂ ಮೊದಲ ಸಲ ತಲೆ ಎತ್ತಿದರು. ಕನ್ನಡಕ ತೆಗೆದರು. "ನಂಗೊತ್ತಿಲ್ಲ," ಎಂದರು. ಪ್ರಾಧ್ಯಾಪಕರೊಬ್ಬರು ಇಷ್ಟು ಸಲೀಸಾಗಿ ಆ ಮಾತು ಹೇಳಿದ್ದನ್ನು ಕೆಲೆರಾ ಅದುವರೆಗೆ ಕೇಳಿರಲಿಲ್ಲ. "ನೆಟ್ಟು ನೋಡು. ನೋಡಿ ಬಂದು ಹೇಳು."

ಇದರಲ್ಲಿ ಇನ್ನೊಂದು ಮಾತಿತ್ತು. ಪದವಿ ಮುಗಿದ ಮೇಲೆ ಒಂದು ವರ್ಷ ತಮ್ಮ ಕೈಕೆಳಗೆ ಸಂಶೋಧನೆ ಮಾಡಲು ಮೇಡಂ ವರ್ಷಕ್ಕೆ ಒಬ್ಬರನ್ನೇ ತೆಗೆದುಕೊಳ್ಳುತ್ತಿದ್ದರು. ಆ ಒಂದು ಜಾಗದ ಮೇಲೆ ತರಗತಿಯ ಜಾಣರೆಲ್ಲರ ಕಣ್ಣು. ಕೆಲೆರಾಳ ಅಂಕಗಳೋ, ಮಧ್ಯಮ ವರ್ಗಕ್ಕೆ ಸೇರಿದವು. ಅವಳಿಗಿದ್ದ ಆಸೆಯೆಲ್ಲ ಈ ನಾಮದ ಮೇಲೆ. ಮೂರನೆಯ ವರ್ಷ ಪೂರ್ತಿ ಬೆಳೆಸಿ, ತೂಗಿ, ಉತ್ತರ ತಂದರೆ ಆ ಜಾಗ ಸಿಕ್ಕರೂ ಸಿಗಬಹುದು. ಇಲ್ಲದಿದ್ದರೆ ಅಪ್ಪನ ಸಿಂಕು ಇದ್ದೇ ಇದೆ.

ದೋಣಿಯಲ್ಲಿ ಅರ್ಧ ದಿನದ ದಾರಿ ವೈಲೋಮ ಎಂಬ ಹಳ್ಳಿ. ಮೇಡಂ ಅಲ್ಲಿಗೆ ಕಳಿಸಿದರು. ಹೋದವರು ಮೊದಲು ಮಾಡಬೇಕಾದದ್ದನ್ನು ಕೆಲೆರಾ ಮಾಡಿದಳು: ಸೊಂಟಕ್ಕೆ ಸುತ್ತುವ ಸುಲು ಉಟ್ಟು, ಕಾಣಿಕೆಗೆ ಯಂಗೋನ ಬೇರಿನ ಕಟ್ಟು ಹಿಡಿದು, ಊರ ಯಜಮಾನನ ಮನೆಯ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತು, ನಿಮ್ಮ ನೀರಿನಲ್ಲಿ ನಾಲ್ಕು ಗೊಂಚಲು ನೆಡಲು ಅಪ್ಪಣೆಯಾಗಲಿ ಎಂದು ಕೇಳಿಕೊಂಡಳು. ಯಜಮಾನ ಕಟ್ಟು ಮುಟ್ಟಿ, ಗಂಭೀರವಾಗಿ ಒಪ್ಪಿಕೊಂಡು, ಮಾತಿಗೆ ಮಾತು ಸೇರಲಿ ಎಂದು ಕೇಳಿದ:

"ನಿಮ್ಮಪ್ಪಂದು ಯಾವೂರಮ್ಮ?"

"ನಾತೊಲೊ."

ಮನೆಯವರೆಲ್ಲ ತಿರುಗಿ ನೋಡಿದರು. ಮೂಲೆಯಲ್ಲಿದ್ದ ಮಾಕೆರೆತಾ ಎಂಬ ಹಣ್ಣು ಹಣ್ಣು ಮುದುಕಿ ಚಾಪೆಯ ಮೇಲೆ ತೆವಳಿಕೊಂಡು ಬಂದು, ಕೆಲೆರಾಳ ಗುಂಗುರು ಕೂದಲಲ್ಲಿ ಸಿಕ್ಕಿಸಿಕೊಂಡಿದ್ದ ಬಾಚಣಿಗೆಯನ್ನು ಕಿತ್ತು, ತನ್ನ ಬಿಳಿ ಕೂದಲಿಗೆ ಚುಚ್ಚಿಕೊಂಡಳು.

"ಇನ್ಮೇಲೆ ಇದು ನಂದು," ಎಂದಳು. "ನಾತೊಲೊದವರ ತಲೇಲಿ ಬಾಚೋ ಅಂಥದ್ದು ಏನಿದೆ?"

ಮನೆ ತುಂಬ ಗೊಳ್ಳೆಂದು ನಗು. ಅಷ್ಟು ಗಂಭೀರವಾಗಿದ್ದ ಯಜಮಾನನೇ ಕಣ್ಣೊರೆಸಿಕೊಳ್ಳುತ್ತಿದ್ದ. ಕೆಲೆರಾ ಶಾಲೆಯ ಬಳಿ ಮಾವಿನ ಮರವಿದ್ದ ಗುಡ್ಡಕ್ಕೆ ಓಡಿದಳು. ಫೋನು ಸಿಗುತ್ತಿದ್ದುದು ಅಲ್ಲಿ ಮಾತ್ರ. ಅಪ್ಪನಿಗೆ ಅಳುಮೋರೆಯಲ್ಲಿ ವರದಿ ಒಪ್ಪಿಸಿದಳು.

"ಅಯ್ಯೋ ಪೆದ್ದಮ್ಮ! ಅವ್ರು ನಮ್ಮ ತೌವು ಕಣೇ!" ಎಂದು ಎಪೆಲಿ ಅಬ್ಬರಿಸಿದ. "ಅವರ ಮೂಲದ ದೇವ್ರೂ ನಮ್ಮ ಮೂಲದ ದೇವ್ರೂ ಒಂದೇ ಹೊಟ್ಟೇಲಿ ಹುಟ್ಟಿದೋರು. ಅವ್ರು ನಿನ್ನ ಬಯ್ಯಬಹುದು, ನಿಂದೇನು ಬೇಕಾದ್ರೂ ಕಿತ್ಕೋಬಹುದು. ನೀನೂ ಅಷ್ಟೇ. ಆದ್ರೆ ಒಂದು, ಯಾರೂ ಸಿಟ್ಟು ಮಾಡೋ ಹಾಗಿಲ್ಲ. ಸಿಟ್ಟು ಬಂದ್ರೆ ಮರ್ಯಾದೆ ಹೋಯ್ತು. ಆ ಮುದುಕೀಗೆ ಹೇಳು, ವೈಲೋಮದೋರು ಹಂದಿ ಕಳ್ಳರು ಅಂತ ನಮ್ಮಪ್ಪ ಹೇಳಿದಾರೆ ಅಂತ."

"ಅಪ್ಪಾ, ಮೆಲ್ಲಗೆ! ಬಸ್ಸಲ್ಲಿದೀಯಾ?"

"ಬಸ್ಸಲ್ಲೇ ಇದೀನಿ. ಸ್ಪೀಕರ್‌ಗೆ ಹಾಕಿದೀನಿ. ಎಲ್ರೂ ಕೇಳಿಸ್ಕೋತಿದಾರೆ."

ತವರಲ್ಲದಿದ್ದರೂ ತೌವು. ಊರಿನ ಮಕ್ಕಳಿಗೆ ಇದು ಹಾಲಿನ ಜೊತೆಗೇ ಇಳಿದಿರುತ್ತದೆ. ಸುವಾದ ಬಾಡಿಗೆ ಮನೆಯಲ್ಲಿ ಬೆಳೆದ ಕೆಲೆರಾಗೆ ಮಾತ್ರ ಹಿರಿಯರ ಕೈಯಿಂದ ಏನನ್ನೂ ಕಿತ್ತುಕೊಳ್ಳಲು ಕೈ ಏಳುತ್ತಿರಲಿಲ್ಲ. ಬಯ್ಯಲು ಬಾಯಿ ತೆರೆದರೆ "ದಯವಿಟ್ಟು" ಎಂಬ ಮಾತೇ ಮುಂದೆ ಬರುತ್ತಿತ್ತು. ಅವಳು ತಿಂಗಳಿಗೊಮ್ಮೆ ಬಂದು, ಅಲ್ಲಿನ ಸೈನಿಮೆರೆ ಎಂಬ ಗಟ್ಟಿಮುಟ್ಟಾದ ಹೆಂಗಸಿನ ಮನೆಯಲ್ಲಿ ಉಳಿದು, ಇಳಿತದ ಹೊತ್ತಿಗೆ ನೀರಿಗಿಳಿದು ನಾಮ ತೂಗಿ ಹೋಗುತ್ತಿದ್ದಳು. ಪ್ರತಿ ಸಲವೂ ಒಂದೊಂದು ಹೋಗುತ್ತಿತ್ತು: ಕೊಡೆ, ಚಪ್ಪಲಿ, ತಂದ ಬಿಸ್ಕತ್ತು.

"ನೀನೂ ಏನಾದ್ರೂ ಎತ್ಕೊಳ್ಳೇ," ಎಂದು ಸೈನಿಮೆರೆ ರೇಗುತ್ತಿದ್ದಳು. "ಒಂದೇ ಕೈಯಲ್ಲಿ ಎಷ್ಟೂಂತ ಚಪ್ಪಾಳೆ ತಟ್ಟಲಿ ನಾನು? ನಿಮ್ಮಪ್ಪ ನಿಜವಾಗ್ಲೂ ನಾತೊಲೊದೋನೇನಾ?"

"ಇರ್ಲಿ ಬಿಡಿ ಅತ್ತೆ."

"ಇರ್ಲಿ ಬಿಡಿ ಅಂತೆ! ಇದಕ್ಕೆ ಉಪ್ಪು ಹಾಕಿಲ್ಲ ಇವರಮ್ಮ."

ತಪ್ಪು ಎಂದು ನೋಡಿದರೆ ಕೆಲೆರಾ ಮಾಡಿದ್ದು ಒಂದೇ. ಜಾಲರಿ ತಟ್ಟೆಗಳಲ್ಲಿ ಬಿಳಿ ದಾರದಿಂದ ನಾಮದ ತುಂಡುಗಳನ್ನು ಕಟ್ಟಿ, ಒಂದೊಂದಕ್ಕೂ ನೀಲಿ ಪ್ಲಾಸ್ಟಿಕ್ ಬಿಲ್ಲೆ ತಗಲಿಸಿ, ಅರ್ಧ ತಟ್ಟೆಗಳನ್ನು ನೀರು ಹರಿಯುವ ಕಡೆ, ಅರ್ಧವನ್ನು ನಿಂತ ನೀರಿನ ಮೂಲೆಯಲ್ಲಿ ಇಟ್ಟಿದ್ದಳು. ಪ್ರಯೋಗಕ್ಕೆ ಬೇಲಿಯಂತೆ ಒಂದು ಫಲಕ ನೆಡಬೇಕೆಂಬುದು ಕಾಲೇಜಿನ ಪದ್ಧತಿ. ಕೆಲೆರಾ ದಂಡೆಯಲ್ಲಿ ದಪ್ಪ ಅಕ್ಷರದ ಫಲಕ ನೆಟ್ಟಳು: ಸಂಶೋಧನೆ ನಡೆಯುತ್ತಿದೆ, ಮುಟ್ಟಬೇಡಿ.

ತೌವುಗಳ ಊರಿನಲ್ಲಿ "ಮುಟ್ಟಬೇಡಿ" ಎಂದು ಬರೆದು ನೆಡುವುದೆಂದರೆ ಮದುವೆ ಮನೆಯ ಬಾಗಿಲಿಗೆ "ಊಟ ಸಿದ್ಧವಾಗಿದೆ" ಎಂದು ಬರೆದ ಹಾಗೆ. ಸೈನಿಮೆರೆ ಅದನ್ನು ಗಟ್ಟಿಯಾಗಿ ಓದಿ, ಮಾಕೆರೆತಾ ಅಜ್ಜಿಗೆ ಕಿವಿಯಲ್ಲಿ ಇನ್ನೊಮ್ಮೆ ಓದಿ ಹೇಳಿ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲೆರಾ ಅದನ್ನು ಮೆಚ್ಚುಗೆ ಎಂದುಕೊಂಡಳು.

ಕೊನೆಯ ತೂಕಕ್ಕೆಂದು ಅವಳು ಬಂದಿಳಿದದ್ದು ಶನಿವಾರ ಸಂಜೆ. ನೀರು ಏರಿತ್ತು, ತಟ್ಟೆಗಳಿದ್ದ ಕಡೆ ಬರೀ ಅಲೆ. ದಂಡೆಯಲ್ಲಿ ಫಲಕ ಇರಲಿಲ್ಲ. ಗಾಳಿಗೆ ಬಿದ್ದಿರಬೇಕು ಎಂದುಕೊಂಡು ಮನೆಗೆ ಬಂದರೆ, ಫಲಕ ಸೈನಿಮೆರೆಯ ಬಚ್ಚಲ ಬಾಗಿಲಿಗೆ ನೇತುಬಿದ್ದಿತ್ತು: ಸಂಶೋಧನೆ ನಡೆಯುತ್ತಿದೆ, ಮುಟ್ಟಬೇಡಿ. ಒಳಗಿಂದ ಮಾಕೆರೆತಾ ಅಜ್ಜಿಯ ಕೆಮ್ಮು ಕೇಳಿಸಿತು.

ಕೆಲೆರಾ ನಕ್ಕಳು. ಇದೊಂದು ಸಲ ನಿಜವಾಗಿಯೇ ನಗು ಬಂತು.

ಊಟಕ್ಕೆ ಕರೆದರು. ಚಾಪೆಯ ಮೇಲೆ ಬಟ್ಟೆ ಹಾಸಿ, ಬೇಯಿಸಿದ ಮರಗೆಣಸು, ಹುರಿದ ಮೀನು, ನಡುವೆ ದೊಡ್ಡ ಬಟ್ಟಲು. ಬಟ್ಟಲ ತುಂಬ ನಾಮ. ತೆಂಗಿನ ಹಾಲು, ನಿಂಬೆ, ಹಸಿಮೆಣಸು ಬಿದ್ದು ಫಳಫಳ ಹೊಳೆಯುತ್ತಿತ್ತು. ಒಂದೊಂದು ಮಣಿಯೂ ಎಷ್ಟು ಚೆನ್ನಾಗಿ ಕೊಬ್ಬಿತ್ತು! ಕೆಲೆರಾ ಹಸಿದಿದ್ದಳು. ಒಂದು ತುತ್ತು, ಎರಡು, ಮೂರು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಬೆರಳಿಗೆ ಏನೋ ಸಿಕ್ಕಿತು. ಎಳೆದಳು. ಬಿಳಿ ದಾರ. ದಾರದ ತುದಿಗೆ ನೀಲಿ ಬಿಲ್ಲೆ.

"ಚೆನ್ನಾಗಿದೆಯಾ ಸಂಶೋಧನೆ?" ಎಂದಳು ಸೈನಿಮೆರೆ. "ಹಾಕ್ಕೊಳ್ಳೇ, ಸಂಕೋಚ ಪಡ್ಬೇಡ. ನೀನೇ ಬೆಳೆದಿದ್ದಲ್ವಾ."

"ಎಲ್ಲಾನೂ..." ಎಂದಳು ಕೆಲೆರಾ.

"ಎಲ್ಲಾನೂ ಎಲ್ಲಿ ಒಂದೇ ಹೊತ್ತಿಗೆ ಮುಗಿಯತ್ತೆ? ನೆನ್ನೆ ಅಕ್ಕಪಕ್ಕದೋರಿಗೂ ಕೊಟ್ವಿ."

"ನಿಂತ ನೀರಿಂದು ಸ್ವಲ್ಪ ಸಪ್ಪೆ," ಎಂದು ಅಜ್ಜಿ ಬಚ್ಚಲಿಂದ ಬಂದು ಕೂರುತ್ತ ಹೇಳಿದಳು. "ಬರ್ಕೋ ಬೇಕಾದ್ರೆ."

ಸಿಟ್ಟು ಮಾಡುವ ಹಾಗಿಲ್ಲ. ಅಳುವ ಹಾಗಂತೂ ಇಲ್ಲವೇ ಇಲ್ಲ. ಕೆಲೆರಾ ಹಲ್ಲು ಕಿರಿದಳು. ಆ ನಗುವನ್ನು ಮುಖದ ಮೇಲೆ ಹಾಗೇ ಹಿಡಿದಿಟ್ಟುಕೊಂಡು ಮಲಗಿದಳು.

ಮಾರನೆಯ ದಿನ ಭಾನುವಾರ. ವೈಲೋಮದಲ್ಲಿ ಭಾನುವಾರ ಯಾರೂ ಸಮುದ್ರಕ್ಕೆ ಕಾಲಿಡುವುದಿಲ್ಲ. ದೋಣಿ ಕದಲುವುದಿಲ್ಲ, ಬಟ್ಟೆ ಕೂಡ ಒಗೆಯುವುದಿಲ್ಲ. ಏನಾದರೂ ಉಳಿದಿದೆಯೇ ಎಂದು ನೋಡಬೇಕೆಂದರೂ ಸೋಮವಾರ ಬೆಳಗಿನ ಇಳಿತದವರೆಗೆ ಕಾಯಬೇಕು. ಕೆಲೆರಾ ಚರ್ಚಿನಲ್ಲಿ ಕೂತಳು. ಇಡೀ ಊರು ನಾಲ್ಕು ದನಿಯಲ್ಲಿ ಹಾಡುತ್ತಿದ್ದರೆ ಅವಳ ತಲೆಯೊಳಗೆ ಐದನೆಯ ದನಿಯೊಂದು ಹಾಡುತ್ತಿತ್ತು: ಹೋದ ತಿಂಗಳವರೆಗಿನ ತೂಕ ನಿನ್ನ ಹತ್ತಿರ ಇದೆಯಲ್ಲ? ನಕ್ಷೆಯಲ್ಲಿ ಎರಡು ಗೆರೆಯೂ ಏರುತ್ತಲೇ ಇವೆ. ಸ್ಕೇಲು ಇಟ್ಟು ಇನ್ನೊಂದು ಚೂರು ಮೇಲಕ್ಕೆ ಎಳೆದರೆ ಯಾರಿಗೆ ಗೊತ್ತಾಗುತ್ತದೆ? ನೀನೇನು ಸುಳ್ಳು ಬೆಳೆಸಲಿಲ್ಲ. ಬೆಳೆದಿತ್ತು, ತೂಗಲಿಲ್ಲ, ಅಷ್ಟೇ.

ಪಾದ್ರಿಯ ಪ್ರವಚನ ಉದ್ದವಾಗಿತ್ತು. ಐದನೆಯ ದನಿಗೆ ಬೇಕಾದಷ್ಟು ಹೊತ್ತು ಸಿಕ್ಕಿತು. ಅದು ಬಹಳ ಚೆನ್ನಾಗಿಯೂ ವಾದಿಸಿತು. ಕೆಲೆರಾ ಬಹುಮಟ್ಟಿಗೆ ಒಪ್ಪಿಯೇ ಬಿಟ್ಟಿದ್ದಳು. ಆದರೆ ಕಣ್ಣು ಮುಚ್ಚಿದರೆ ಗೆರೆ ಕಾಣುವ ಬದಲು ಮೇಡಂ ಮುಂದೆ ಬಾಟಲಿ ಹಿಡಿದು ನಿಂತ ತಾನೇ ಕಾಣುತ್ತಿದ್ದಳು. ಅಷ್ಟು ದಿನ ಅಷ್ಟೊಂದು ಬಾಟಲಿಯ ಕೊಳೆ ಹೇಳಿ ಹೇಳಿ, ಹೇಳದೆ ಇರುವುದು ಹೇಗೆಂಬುದೇ ಅವಳಿಗೆ ಮರೆತುಹೋಗಿತ್ತು.

ಊಟಕ್ಕೂ ನಿಲ್ಲದೆ ಗುಡ್ಡ ಹತ್ತಿದಳು. ಮಾವಿನ ಮರದಡಿ ನಿಂತು ಫೋನು ಮಾಡಿದಳು. ಆ ಕಡೆ ಏನೋ ಹುರಿಯುವ ಸದ್ದು.

"ಮೇಡಂ, ನಾನು ಕೆಲೆರಾ. ಒಂದು ವಿಷಯ ಹೇಳ್ಬೇಕಿತ್ತು. ಪ್ರಯೋಗ... ತಿಂದ್ಬಿಟ್ರು."

"ಯಾರು? ಮೀನಾ?"

"ಅಲ್ಲ ಮೇಡಂ. ಊರೋರು. ತೌವು ಅವ್ರು ನಮಗೆ. ನಾನು ಮುಟ್ಟಬೇಡಿ ಅಂತ ಬರೆದಿದ್ದೆ..."

"ಓಹೋ," ಎಂದರು ಮೇಡಂ. ಗೌಂಡರ್ ಮನೆತನ ಆ ದ್ವೀಪಗಳಲ್ಲಿ ನೆಲೆಸಿ ನಾಲ್ಕು ತಲೆಮಾರಾಗಿತ್ತು. ತೌವು ಎಂದರೇನು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ನೀನೂ ತಿಂದ್ಯಾ?"

"ಮೂರು ತುತ್ತು. ಗೊತ್ತಿರಲಿಲ್ಲ ಮೇಡಂ."

"ಹೇಗಿತ್ತು?"

ಕೆಲೆರಾ ಯೋಚಿಸಿದಳು. "ಚೆನ್ನಾಗಿತ್ತು ಮೇಡಂ."

ಹುರಿಯುವ ಸದ್ದು ಮುಂದುವರಿಯಿತು. "ನಾಳೆ ನೀರಿಗಿಳಿದು ನೋಡು. ಏನು ಉಳಿದಿದೆಯೋ ಅದನ್ನ ತೂಗು. ಏನೂ ಉಳಿದಿಲ್ಲಾಂದ್ರೆ ಸೊನ್ನೆ ಅಂತ ಬರಿ. ಸೊನ್ನೆನೂ ಅಂಕಿನೇ."

"ಮೇಡಂ, ಮುಂದಿನ ವರ್ಷದ ಆ ಜಾಗ..."

"ಎಣ್ಣೆ ಕಾದಿದೆ, ಇಡ್ತೀನಿ."

ಜಾಗ ಹೋಯಿತು ಎಂದುಕೊಂಡಳು ಕೆಲೆರಾ. ಆದರೂ ಗುಡ್ಡ ಇಳಿಯುವಾಗ ಕಾಲು ಹತ್ತುವಾಗಿನಷ್ಟು ಭಾರವಿರಲಿಲ್ಲ. ಮನೆಗೆ ಬಂದು, ಉಳಿದಿದ್ದ ಮರಗೆಣಸನ್ನು ಎರಡು ಸಲ ಹಾಕಿಸಿಕೊಂಡು ತಿಂದಳು.

ಸೋಮವಾರ ಬೆಳಗಾಗುವ ಹೊತ್ತಿಗೆ ನೀರು ಇಳಿದಿತ್ತು. ಕೆಲೆರಾ ತಕ್ಕಡಿ ಹಿಡಿದು ಹೊರಟರೆ ಹಿಂದೆಯೇ ಸೈನಿಮೆರೆ, ಮಾಕೆರೆತಾ ಅಜ್ಜಿ, ಜೊತೆಗೆ ಕೇರಿಯ ಹೆಂಗಸರೆಲ್ಲ ಸುಲು ಮೇಲಕ್ಕೆ ಕಟ್ಟಿಕೊಂಡು ಹೊರಟರು. ಎಲ್ಲರದೂ ಸಾವಿನ ಮನೆಯ ಮುಖ. ಅಜ್ಜಿಯಂತೂ ಹೆಣದ ಹಿಂದೆ ಹಾಡುವ ಕೀರ್ತನೆಯನ್ನು ಸಣ್ಣ ದನಿಯಲ್ಲಿ ಎತ್ತಿಕೊಂಡಳು, ಉಳಿದವರು ದನಿಗೂಡಿಸಿದರು. ಮೆರವಣಿಗೆ ನೀರಿಗಿಳಿಯಿತು.

ಮೊದಲ ತಟ್ಟೆಯ ಹತ್ತಿರ ಕೆಲೆರಾ ಬಗ್ಗಿದಳು. ಕೈ ಹಾಕಿದಳು. ಕೈಗೆ ತಣ್ಣಗೆ, ದಟ್ಟವಾಗಿ, ಮಣಿಮಣಿಯಾಗಿ ಏನೋ ತಗಲಿತು. ಮೇಲೆತ್ತಿದಳು. ಜಾಲರಿಯೇ ಕಾಣದ ಹಾಗೆ ಹಸಿರು ಉಕ್ಕಿ ಹೊರಚೆಲ್ಲಿತ್ತು. ಬಿಳಿ ದಾರ ಇತ್ತು. ನೀಲಿ ಬಿಲ್ಲೆಯೂ ಇತ್ತು. ಪಕ್ಕದ ತಟ್ಟೆ ನೋಡಿದಳು, ಅದರ ಪಕ್ಕದ್ದು, ಆಮೇಲೆ ಮೂಲೆಯ ನಿಂತ ನೀರಿಗೆ ಓಡುತ್ತ, ಬೀಳುತ್ತ, ಏಳುತ್ತ ಹೋಗಿ ಅಲ್ಲಿನವನ್ನೂ ನೋಡಿದಳು. ಒಂದು ಮಣಿಯೂ ಹೋಗಿರಲಿಲ್ಲ.

ಕೀರ್ತನೆ ಒಡೆದು ನಗುವಾಯಿತು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನೀರಿನಲ್ಲೇ ಕೂತುಬಿಟ್ಟಳು.

"ಹಾಗಾದ್ರೆ ಆ ಬಟ್ಟಲಲ್ಲಿದ್ದಿದ್ದು?"

"ಹವಳದ ದಿನ್ನೆ ಆಚೆ ನಾವು ಯಾವಾಗ್ಲೂ ಕೀಳೋ ಜಾಗದ್ದು," ಎಂದಳು ಸೈನಿಮೆರೆ. "ದಾರ, ಬಿಲ್ಲೆ ನೀನೇ ನಮ್ಮನೇಲಿ ಮಿಕ್ಕಿದ್ದು ಬಿಟ್ಟು ಹೋಗಿದ್ಯಲ್ಲೇ! ನಿನ್ನ ತಟ್ಟೆ ಮೇಲೆ ದೋಣಿ ಹೋಗದ ಹಾಗೆ ವರ್ಷವೆಲ್ಲ ಕಾದಿದ್ದು ನಾವು, ತಿನ್ನಕ್ಕಾ? ಆ ಮೂರು ತುತ್ತಾದ ಮೇಲೆ ನಿನ್ನ ಮುಖ ನೋಡ್ಬೇಕಿತ್ತು! ಹಳಸಿದ ಮೀನಿನ ಹಾಗೆ!"

ತಿನ್ನುವ ನಾಮವನ್ನೇ ಅವರು ಅವಳಿಗೆ ಹಾಕುವ ನಾಮ ಮಾಡಿದ್ದರು, ಅದೂ ಮೂರು ತುತ್ತಿಗೆ ಮೂರು. ಕೆಲೆರಾ ಸ್ವಲ್ಪ ಹೊತ್ತು ತಟ್ಟೆಯನ್ನು ಎದೆಗೊತ್ತಿಕೊಂಡು ನಿಂತಳು. ಕಣ್ಣಲ್ಲಿ ನೀರು ಬಂತು. ಸುತ್ತ ಅಷ್ಟು ಉಪ್ಪು ನೀರಿದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ತಟ್ಟೆಯನ್ನು ಅದರ ಜಾಗದಲ್ಲಿ ಜೋಪಾನವಾಗಿ ಇಟ್ಟಳು. ನೆಟ್ಟಗೆ ಸೈನಿಮೆರೆಯ ಹತ್ತಿರ ಹೋದಳು. ಎರಡೂ ಕೈಯಿಂದ ಅವಳನ್ನು ನೀರಿಗೆ ನೂಕಿದಳು.

"ವೈಲೋಮದ ಹಂದಿ ಕಳ್ಳಿ!" ಎಂದಳು. ದಯವಿಟ್ಟು ಎನ್ನುವ ಮಾತು ಎಲ್ಲಿಯೂ ಬರಲಿಲ್ಲ.

ಆಮೇಲೆ ಎದ್ದ ಕೇಕೆಗೆ ದಂಡೆಯ ಮೇಲಿದ್ದ ನಾಯಿಗಳೆಲ್ಲ ಬೊಗಳತೊಡಗಿದವು. ಸೈನಿಮೆರೆ ಮುಳುಗಿ ಎದ್ದು, ಮೂಗಿನಿಂದ ನೀರು ಸುರಿಯುತ್ತಿದ್ದ ಹಾಗೇ ಕೆಲೆರಾಳನ್ನು ತಬ್ಬಿಕೊಂಡಳು.

"ಅಬ್ಬಾ, ಬಂತು!" ಎಂದಳು. "ಅಜ್ಜೀ, ನೋಡಿದ್ಯಾ, ಬಂತು! ನಾತೊಲೊದೋಳೇ ಇವ್ಳು."

ಮಾಕೆರೆತಾ ಅಜ್ಜಿ ನೀರಲ್ಲಿ ಕೂತಲ್ಲಿಂದಲೇ ತಲೆಯಲ್ಲಿದ್ದ ಬಾಚಣಿಗೆ ಮುಟ್ಟಿ ನೋಡಿಕೊಂಡಳು. "ಆದ್ರೂ ಇದನ್ನ ಕೊಡಲ್ಲ," ಎಂದಳು.

ಹೆಂಗಸರು ಕೈಜೋಡಿಸಿದರು. ಒಬ್ಬರು ತಟ್ಟೆ ಎತ್ತಿಕೊಟ್ಟರೆ ಇನ್ನೊಬ್ಬರು ನೀರು ಒದರಿದರು, ಕೆಲೆರಾ ತೂಗಿದಳು. ಹರಿಯುವ ನೀರಿನದೇ ಹೆಚ್ಚು ಕೊಬ್ಬಿತ್ತು. ಬಿಸಿಲೇರುವ ಹೊತ್ತಿಗೆ ಅವಳು ಮತ್ತೆ ಮಾವಿನ ಮರದಡಿಯಲ್ಲಿದ್ದಳು.

"ಮೇಡಂ, ತಿಂದಿರಲಿಲ್ಲ! ತಮಾಷೆ ಮಾಡಿದ್ರಂತೆ. ಎಲ್ಲಾ ಇದೆ, ಎಲ್ಲಾ ತೂಗಿದೆ."

"ಸಂತೋಷ. ನಿನ್ನೆ ಹೇಳಿದ್ದನ್ನೂ ಬರಿ, ಇವತ್ತಿನದನ್ನೂ ಬರಿ."

"ತಮಾಷೆನೂ ಬರೀಬೇಕಾ ಮೇಡಂ?"

"ಎದುರಾದ ಅಪಾಯಗಳು ಅಂತ ಒಂದು ಭಾಗ ಇರತ್ತಲ್ಲ, ಅದರಲ್ಲಿ. ಮತ್ತೆ, ಮುಂದಿನ ವರ್ಷದ್ದು ಕೇಳಿದ್ಯಲ್ಲ. ನಿನ್ನ ಹೆಸರು ಕೊಟ್ಟಿದೀನಿ."

ಕೆಲೆರಾ ಮರಕ್ಕೆ ಒರಗಿಕೊಂಡಳು. "ನಾಮ ಉಳೀತಲ್ಲಾ ಅಂತಾನಾ ಮೇಡಂ?"

"ನಾಮ ಉಳಿದಿದ್ದು ನನಗೆ ಈಗ ತಾನೇ ಗೊತ್ತಾಗಿದ್ದು. ಹೆಸರು ಕೊಟ್ಟಿದ್ದು ನಿನ್ನೆ. ನಿನ್ನ ಫೋನು ಇಟ್ಟ ಮೇಲೆ, ಕೈ ತೊಳ್ಕೊಂಡು."

"ನಿನ್ನೇನಾ! ಮೇಡಂ, ನಿನ್ನೆನೇ ಹೇಳಿದ್ರೆ ನಾನು ರಾತ್ರಿ ನಿದ್ದೆ ಮಾಡ್ತಿದ್ನಲ್ಲ!"

"ಎಣ್ಣೆ ಕಾದಿತ್ತು ಅಂದ್ನಲ್ಲ," ಎಂದು ಮೇಡಂ ಫೋನಿಟ್ಟರು.

ಮುಂದಿನ ವರ್ಷವೂ ಕೆಲೆರಾ ವೈಲೋಮಕ್ಕೆ ಹೋಗಿ ಬರುತ್ತಿದ್ದಳು. ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯಲು ಮೊದಲ ವರ್ಷದ ಹುಡುಗಿಯೊಬ್ಬಳು ಸೇರಿದ್ದಳು. ಅವಳಿಗೆ ಕೊಳೆಯ ನಿಯಮ ಹೇಳಿಕೊಡುವ ಕೆಲಸ ಕೆಲೆರಾಗೆ ಬಿದ್ದಿತ್ತು. ದಂಡೆಯಲ್ಲಿ ಅವಳು ಮತ್ತೆ ಫಲಕ ನೆಡಲಿಲ್ಲ. ಹಳೆಯ ಫಲಕವನ್ನು ಸೈನಿಮೆರೆ ವಾಪಸು ಕೊಡಲೇ ಇಲ್ಲ. ಅದು ಬಚ್ಚಲ ಬಾಗಿಲಿಂದ ಅಡುಗೆಮನೆಗೆ ಬಡ್ತಿ ಪಡೆದು, ಬಿಸ್ಕತ್ತಿನ ಡಬ್ಬಿಯ ಮೇಲೆ ತೂಗುತ್ತಿತ್ತು: ಮುಟ್ಟಬೇಡಿ. ದೋಣಿಯಿಂದ ಇಳಿದು ಬಂದ ಕೂಡಲೇ ಕೆಲೆರಾ ಮೊದಲು ಅಲ್ಲಿಗೆ ಹೋಗಿ, ಡಬ್ಬಿಗೆ ಕೈ ಹಾಕುತ್ತಿದ್ದಳು.